ಆಕಾಶದ ಗಾಡಿಗೆ ಧೂಳು

ಮುರಿದ ಕಾಲು ಕೂಡಿಕೊಂಡಿತೆಂದು ಡಾಕ್ಟರು ಹೇಳಿದ ದಿನವೇ ಧರ್ಮೇಂದ್ರ ಮಾತು ಬಿಟ್ಟ. ಕಾಲಿಗೆ ಕಟ್ಟು ಹಾಕಿ ಮಲಗಿಸಿದ್ದಾಗ ನೋಡಲು ಬಂದವರೊಂದಿಗೆಲ್ಲ ನಗುತ್ತಿದ್ದವನು ಅವನು. ಕಟ್ಟು ಬಿಚ್ಚಿದ ಮೇಲೆ ಎಡಗಾಲು ಗಿಡ್ಡವಾಗಿದೆ, ಮಂಡಿ ಇನ್ನು ಮಡಿಸಲು ಬರುವುದಿಲ್ಲ ಎಂದು ಗೊತ್ತಾಯಿತು. ಅವತ್ತಿಂದ ಗೋಡೆ ಕಡೆ ಮುಖ. ಸರ್ಕಾರಿ ಬಸ್ಸು ಓಡಿಸುವವನಿಗೆ ಎಡಗಾಲೆಂದರೆ ಕ್ಲಚ್ಚು. ಕ್ಲಚ್ಚು ತುಳಿಯಲಾರದ ಡ್ರೈವರು ಹಾಡುವ ದನಿ ಹೋದ ಭಾಗವತನ ಹಾಗೆ.

ಓಡಿಸುವಾಗ ಬಿದ್ದಿದ್ದರೂ ಒಂದು ಮಾತಿತ್ತು. ಅವನು ಬಿದ್ದದ್ದು ನಿಂತ ಬಸ್ಸಿನಿಂದ. ಯಾರದೋ ಹಲಸಿನಹಣ್ಣಿನ ಮೂಟೆ ಬಸ್ಸಿನ ನೆತ್ತಿಯ ಮೇಲೆ ಸಡಿಲವಾಗಿದೆಯೆಂದು ತಾನೇ ಏಣಿ ಹತ್ತಿ ಹಗ್ಗ ಬಿಗಿದು, ಇಳಿಯುವಾಗ ಕಾಲು ಜಾರಿದ. ಕೆ.ಆರ್. ಪೇಟೆಯಲ್ಲಿ ಅವನು ಬಾಡಿಗೆಗಿದ್ದ ಮನೆ ಮಹಡಿ ಮೇಲಿತ್ತು. ಮೆಟ್ಟಿಲು ಹತ್ತಿಸುವುದು ಆಗದ ಕೆಲಸವೆಂದು ಬೂಕನಕೆರೆಗೆ, ಹೆಂಡತಿ ಮಂಗಳಳ ತವರಿಗೆ ಕರೆತಂದರು. ಅಳಿಯ ಮಾವನ ಮನೆಯ ಪಡಸಾಲೆಯಲ್ಲಿ ಮಲಗುವುದೆಂದರೆ ಅವನಿಗೂ ಮುಳ್ಳು, ಹಾಸಿದವರಿಗೂ ಮುಳ್ಳು. ಆದರೆ ಬೇರೆ ದಾರಿ ಇರಲಿಲ್ಲ.

ಮಂಗಳ ಬೆಳಿಗ್ಗೆ ಕಬ್ಬಿನ ಗದ್ದೆಗೆ ಕೂಲಿಗೆ ಹೋದರೆ, ಅವನನ್ನು ಎಬ್ಬಿಸುವುದು, ಹಿತ್ತಿಲಿಗೆ ನಡೆಸುವುದು, ಬಚ್ಚಲಲ್ಲಿ ಕೂರಿಸುವುದು ಎಲ್ಲ ಮಾವ ದ್ಯಾವಯ್ಯನ ಪಾಲಿಗೆ ಬಂತು. ದ್ಯಾವಯ್ಯ ಎತ್ತಿನಗಾಡಿಗೆ, ಟ್ರಾಕ್ಟರಿನ ಟ್ರೈಲರಿಗೆ ಬಣ್ಣ ಹೊಡೆದು ಬಾಳು ಕಳೆದವನು. ಬಿದಿರು ಗೂಟದಂಥ ಮೈ, ಬಣ್ಣ ಉಜ್ಜಿ ಉಜ್ಜಿ ಬಿದ್ದುಹೋದ ಭುಜ. ಆ ಭುಜದ ಮೇಲೆ ಅಳಿಯನ ತೂಕ ಬಿದ್ದಾಗಲೆಲ್ಲ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದರೆ ಅವನು ಉಸ್ಸೆನ್ನುತ್ತಿರಲಿಲ್ಲ. ಉಸ್ಸೆಂದರೆ ಅಳಿಯ ಅಂದು ಊಟ ಬಿಡುತ್ತಿದ್ದ.

ಡಿಪೋದವರು ಕೈಬಿಟ್ಟಿರಲಿಲ್ಲ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಬೋರಯ್ಯನ ಜೊತೆ ಕೂತು ಬರುವ ಹೋಗುವ ಬಸ್ಸು ನೋಡಿಕೊಳ್ಳಲಿ, ದೀಪಾವಳಿಯೊಳಗೆ ಬಂದರೆ ಜಾಗ ಅವನದು, ಇಲ್ಲವಾದರೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದರು. ಅದನ್ನು ಕೇಳಿದಾಗ ಧರ್ಮೇಂದ್ರ ಬಹಳ ದಿನದ ಮೇಲೆ ಒಂದು ಮಾತಾಡಿದ. "ಓಡಿಸ್ತಿದ್ದೋರ ಮುಂದೆ ಕುಂಟ್ಕಂಡು ಓಗಿ ಸ್ಟೂಲ್ ಮೇಲೆ ಕುಂತ್ಕಳನ?" ಅಷ್ಟೇ. ಅಲ್ಲಿಗೆ ಮನೆಯವರೂ ಸುಮ್ಮನಾದರು. ದ್ಯಾವಯ್ಯ ಮಾತ್ರ ಮನಸ್ಸಿನಲ್ಲಿ ಹಬ್ಬ ಎಣಿಸುತ್ತಿದ್ದ. ಗೌರಿ ಕಳೆಯಿತು, ಪಿತೃಪಕ್ಷ ಬಂತು. ಆ ಕೆಲಸ ಕೈತಪ್ಪಿದರೆ ಅಳಿಯ ಈ ಪಡಸಾಲೆಯಿಂದ ಏಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆಗ ಬಂದದ್ದು ಆ ಪೆಟ್ಟಿಗೆ. ಧರ್ಮೇಂದ್ರನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದ ರಂಗಸ್ವಾಮಿಯ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದ. ಅವನು ಜಪಾನಿನಿಂದ ಅಣ್ಣನ ಮಕ್ಕಳಿಗೆಂದು ತಂದಿದ್ದ. ಮಕ್ಕಳು ಪೆಟ್ಟಿಗೆ ಬಿಚ್ಚಿ ನೋಡಿ, ಆಡುವುದಕ್ಕಾಗುವುದಿಲ್ಲವೆಂದು ಮೂಲೆಗೆ ತಳ್ಳಿದ್ದರು. ಹೊತ್ತಾದರೂ ಹೋಗಲಿ ಎಂದು ರಂಗಸ್ವಾಮಿ ಅದನ್ನು ತಂದು ಮಂಚದ ಮೇಲಿಟ್ಟು ಹೋದ. ಮುಚ್ಚಳದ ಮೇಲೆ ನಕ್ಷತ್ರಗಳ ನಡುವೆ ಹಾರುವ ಅಂತರಿಕ್ಷ ನೌಕೆಯ ಚಿತ್ರ. ಒಳಗೆ ಅದನ್ನು ಜೋಡಿಸಿ ಮಾಡಲು ಬೂದು ಬಣ್ಣದ ಪ್ಲಾಸ್ಟಿಕ್ಕಿನ ಚೂರುಗಳು ಕಡ್ಡಿಗೆ ಅಂಟಿಕೊಂಡು ಹುಣಸೆಗೊಂಚಲಿನಂತೆ ಜೋತುಬಿದ್ದಿದ್ದವು. ಜೊತೆಗೆ ಒಂದು ಸೀಸೆ ಅಂಟು. ಓದೋಣವೆಂದರೆ ಅಕ್ಷರವೆಲ್ಲ ಜಪಾನಿನದು, ನೋಡಿಕೊಂಡು ಮಾಡಲು ಚಿತ್ರವಿತ್ತು.

ಎರಡು ದಿನ ಅದು ಹಾಗೇ ಬಿದ್ದಿತ್ತು. ಮೂರನೆಯ ದಿನ ಧರ್ಮೇಂದ್ರ, "ಮಾವ, ಒಂದು ಬ್ಲೇಡ್ ಕೊಡು" ಎಂದ. ದ್ಯಾವಯ್ಯನ ಕಣ್ಣು ಅಳಿಯನ ಮಣಿಕಟ್ಟಿನ ಮೇಲೆ ಹೋಯಿತು. ಬ್ಲೇಡು ಕೊಟ್ಟು, ಏನೋ ಕೆಲಸವಿರುವವನಂತೆ ಅಲ್ಲೇ ಸುಳಿದಾಡುತ್ತ ನಿಂತ. ಅಳಿಯ ಒಂದು ಚೂರನ್ನು ಕಡ್ಡಿಯಿಂದ ಕೊಯ್ದು, ಅಂಚು ಹೆರೆದು, ಇನ್ನೊಂದಕ್ಕೆ ಕೂಡಿಸಿ ಹಿಡಿದ. ಬೆರಳಿಗೆ ಬಿಟ್ಟರೆ ಬೇರೆಲ್ಲಿಗೂ ಬ್ಲೇಡು ತಾಗಲಿಲ್ಲ. ದ್ಯಾವಯ್ಯ ಹಿತ್ತಿಲಿಗೆ ಹೋಗಿ ಕೂತ.

ಆಮೇಲೆ ದಿನಗಳು ಹೀಗೇ ನಡೆದವು. ಒಂದು ಕಡೆಯ ರೆಕ್ಕೆ, ಹಿಂದಿನ ಬೆಂಕಿಕೊಳವೆ, ಮೂಗು. ಬೆಳೆದ ಗಂಡಸು ಆಟದ ಸಾಮಾನು ಹಿಡಿದು ಕೂತಿದ್ದಾನೆಂದು ಬೀದಿಯವರು ಬಾಯಿಗೆ ಬಂದದ್ದಂದರು. ದ್ಯಾವಯ್ಯನ ಹೆಂಡತಿ ಮಾರಮ್ಮ ಬೀದಿಯವರನ್ನು ಬೈದು, ಒಳಗೆ ಬಂದು ಅವರು ಅಂದದ್ದನ್ನೇ ತಾನೂ ಅಂದಳು. ಬಣ್ಣಕ್ಕೆ ದ್ಯಾವಯ್ಯನೇ ಆದ. ಟ್ರೈಲರಿಗೆ ಬಳಿದು ಉಳಿದ ನೀಲಿಗೆ ಬಿಳಿ, ಕರಿ ಬೆರೆಸಿ ಅಳಿಯ ಕೇಳಿದ ಬೂದಿಬಣ್ಣ ತೆಗೆದ.

ಪೆಟ್ಟಿಗೆಯ ಚಿತ್ರದಲ್ಲಿದ್ದಂತೆ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಧರ್ಮೇಂದ್ರ ಅದಕ್ಕೆ ನಿಲ್ಲಲಿಲ್ಲ. ಮೇಲಿನ ಎರಡು ಕೋವಿ ಕಿತ್ತೆಸೆದು, ಮಂಗಳಳ ಹೇರ್‌ಪಿನ್ ಬಗ್ಗಿಸಿ ಬಸ್ಸಿನ ಮೇಲಿರುವಂಥ ಮೂಟೆ ಕಟ್ಟುವ ಕ್ಯಾರಿಯರ್ ಕೂರಿಸಿದ. ಹಿಂದಕ್ಕೆ ಪೊರಕೆಕಡ್ಡಿಯ ಏಣಿ ಅಂಟಿಸಿದ. ಸೈಕಲ್ ಟ್ಯೂಬು ಕತ್ತರಿಸಿ ಕೆಳಗೆ ಕೆಸರುಪಟ್ಟಿ ಇಳಿಬಿಟ್ಟ. ಅದನ್ನು ಕಂಡು ದ್ಯಾವಯ್ಯನಿಗೆ ತಡೆಯಲಾಗಲಿಲ್ಲ.

"ಆಕಾಶದಲ್ಲಿ ಕೆಸ್ರು ಎಲ್ಲದೆ ಕಣಪ್ಪ?"

"ಮೋಡ ಇರಾಕಿಲ್ವಾ ಮಾವ?" ಎಂದ ಧರ್ಮೇಂದ್ರ. ಮುಖ ನಗಲಿಲ್ಲ, ಧ್ವನಿ ಸ್ವಲ್ಪ ನಕ್ಕಿತು.

ಕೊನೆಗೆ ಶುರುವಾದದ್ದು ಕೊಳೆ. ಬುಡ್ಡಿದೀಪದ ಮಸಿ, ಹಳೇ ಕುಡುಗೋಲಿನ ತುಕ್ಕು, ಕಾಫಿ ಡಿಕಾಕ್ಷನ್, ಹಿತ್ತಿಲ ಮಣ್ಣನ್ನು ಸೀರೆಯಲ್ಲಿ ಸೋಸಿದ ಪುಡಿ. ಇವನ್ನು ನೀರುಗೋಂದಿನಲ್ಲಿ ಕಲಸಿ, ಬೇವಿನಕಡ್ಡಿಯ ತುದಿ ಜಜ್ಜಿ, ಬಾಗಿಲ ಬುಡಕ್ಕೆ, ಏಣಿಯ ಮೆಟ್ಟಿಲಿಗೆ, ಎಣ್ಣೆ ಸುರಿಯುವ ಬಾಯಿಯ ಸುತ್ತ, ಓಡಿ ಬಂದ ಬಸ್ಸಿಗೆ ಕೂತಿರುವ ಹಾಗೆ, ಒಂದೊಂದೇ ಚುಕ್ಕೆ ಹಚ್ಚುತ್ತಿದ್ದ. ಪಿತೃಪಕ್ಷದ ಕೊನೆಯಿಂದ ದಸರೆ ತನಕ ಇದೇ ಕೆಲಸ. ದ್ಯಾವಯ್ಯ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಅಳಿಯ ಅನ್ನ ಕೇಳಿ ಹಾಕಿಸಿಕೊಳ್ಳುತ್ತಿದ್ದ, ಅದು ಸಾಕಾಗಿತ್ತು.

ಆಯುಧಪೂಜೆಯ ಬೆಳಿಗ್ಗೆ ಬೀದಿಯಲ್ಲೆಲ್ಲ ನೀರು. ಸೈಕಲ್ಲು, ನೇಗಿಲು, ಟ್ರಾಕ್ಟರು ತೊಳೆಸಿಕೊಂಡು ನಿಂತಿದ್ದವು. ದ್ಯಾವಯ್ಯ ತನ್ನ ಬಣ್ಣದ ಕುಂಚಗಳನ್ನು ತೊಳೆದಿಟ್ಟು ಸುತ್ತ ನೋಡಿದ. ಮನೆಯಲ್ಲಿ ಗಾಡಿಯೆಂದು ಇದ್ದದ್ದು ಒಂದೇ. ನೋವಿನ ಮಾತ್ರೆ ನುಂಗಿದ್ದ ಧರ್ಮೇಂದ್ರನಿಗೆ ಇನ್ನೂ ನಿದ್ದೆ. ಮುದುಕ ಆ ನೌಕೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ತಂದು ಮಣೆಯ ಮೇಲಿಟ್ಟ. ಸೀಗೆಪುಡಿಯ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ, ಒಂದು ಕಡ್ಡಿಯೂ ಅಲುಗದ ಹಾಗೆ, ಸಂದುಗೊಂದಿಗೆಲ್ಲ ಬೆರಳು ತೂರಿಸಿ ತೊಳೆದ. ಹಳೆಯದನ್ನು ಹೊಸದು ಮಾಡುವುದೇ ಜೀವಮಾನವೆಲ್ಲ ಅವನು ಮಾಡಿದ ಕಸುಬು. ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಮೂಗಿಗೆ ಚೆಂಡುಹೂವಿನ ಸರ ಹಾಕಿದ.

ಮಾರಮ್ಮ ಮಂಗಳಾರತಿ ಹಿಡಿದು ಬಂದಳು. "ಚಕ್ರನೇ ಇಲ್ವಲ್ಲ, ನಿಂಬೆಅಣ್ಣು ಯಾವುದುರ ಕೆಳಗೆ ಇಕ್ಕೀಯೆ?"

"ಮೂತಿ ಕೆಳಗೆ ಇಕ್ಕಿದ್ರಾಯ್ತು ಬುಡು."

ಕೋಲೂರಿಕೊಂಡು ಧರ್ಮೇಂದ್ರ ಬಾಗಿಲಿಗೆ ಬಂದದ್ದು ಆಗ. ನೌಕೆ ಫಳಫಳ ಹೊಳೆಯುತ್ತಿತ್ತು. ಮಸಿಯಿಲ್ಲ, ತುಕ್ಕಿಲ್ಲ, ಏಣಿಯ ಮೇಲಿನ ಮಣ್ಣಿಲ್ಲ. ಅವನು ನೋಡಿದ. ಮಾವ ಅವನ ಮುಖ ನೋಡಿದ.

"ಚೆನ್ನಾಗದೆ ಮಾವ" ಎಂದು ಹೇಳಿ, ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ಚೆನ್ನಾಗದೆ ಅಂದನಲ್ಲ, ಇನ್ನೇನು ಎಂದಳು ಮಾರಮ್ಮ. ದ್ಯಾವಯ್ಯನಿಗೆ ಆ ಮಾತು ಗೊತ್ತಿತ್ತು. ಕೆಟ್ಟ ಬಣ್ಣ ಬಳಿಸಿಕೊಂಡು ಗಾಡಿ ಹೊಡೆದುಕೊಂಡು ಹೋಗುವವರು ಹಾಗೇ ಹೇಳುವುದು. ಅಂದಿನ ಹೋಳಿಗೆಯೂ ತಟ್ಟೆಯಲ್ಲೇ ಉಳಿಯಿತು. ಗಂಡನ ತಟ್ಟೆ ಎತ್ತುವಾಗ ಮಂಗಳ ಅಪ್ಪನನ್ನು ಒಂದು ಸಲ ನೋಡಿದಳು ಅಷ್ಟೇ.

ಮಾರನೆಯ ದಿನ ದ್ಯಾವಯ್ಯ ಮಸಿಯ ಡಬ್ಬಿ ಹಿಡಿದು ಅಳಿಯನ ಕಣ್ಣಿಗೆ ಬೀಳುವಂತೆ ಕೂತ. ತೊಳೆದವನೇ ಬಳಿಯಬೇಕು. ಕುಂಚವಾಡಿಸುವ ಕೈ, ಗೆರೆ ತಪ್ಪದೆ ಮೂಗಿನಿಂದ ಬಾಲದವರೆಗೆ ಕೊಳೆಯನ್ನು ಸಮನಾಗಿ ಬಳಿದುಕೊಂಡು ಹೋಯಿತು. ಬಾಲ ಮುಟ್ಟುವ ಹೊತ್ತಿಗೆ ಮಂಚದಿಂದ ಮಾತು ಬಂತು.

"ಮಾವ, ಅದು ಧೂಳಲ್ಲ. ಪ್ರೈಮರು."

"ಅಂಗಾರೆ ನೀನೇ ತೋರ್ಸು."

"ಗಾಡಿ ಮುಂದುಕ್ಕೋಯ್ತದೆ. ಧೂಳು ಇಂದ್ಗಡೆಯಿಂದ ಬಂದು ಅಮರ್ಕತದೆ. ಮುಂದೆ ಬರೀ ಉಳ ಬಡ್ಕಂಡಿರ್ತವೆ." ಅವನು ಎದ್ದು ಕೂತು, ಬೇವಿನಕಡ್ಡಿ ಇಸಿದುಕೊಂಡು, ನೌಕೆಯ ಹಿಂಭಾಗ ತಿರುಗಿಸಿ ಹಿಡಿದ. ಕಡ್ಡಿ ಅಲ್ಲೇ ನಿಂತಿತು. ಏಣಿಯ ಬುಡದಲ್ಲಿ ಮಸಿ ಯಾವ ಕಡೆ ಕೂರುತ್ತಿತ್ತು? ಬಾಗಿಲ ಹಿಡಿಯ ಕೆಳಗೆ ಬಣ್ಣ ಸವೆಯುತ್ತಿದ್ದದ್ದು ಎಷ್ಟು ಅಗಲ? ಮೊದಲನೆಯ ಸಲ ಕೈ ತಾನಾಗಿ ಹಚ್ಚಿಕೊಂಡು ಹೋಗಿತ್ತು. ಈಗ ಕೇಳಿದರೆ ಕೈಗೂ ಗೊತ್ತಿಲ್ಲ, ಕಣ್ಣಿಗೂ ಗೊತ್ತಿಲ್ಲ.

"ಮರ್ತೋಯ್ತಾ ಅದೆ ಮಾವ."

ದ್ಯಾವಯ್ಯ ಕುಂಚ ಒರೆಸುತ್ತ ಹೇಳಿದ. "ಓಗಿ ನೋಡ್ಕಂಡು ಬರನ. ಬಸ್‌ಸ್ಟ್ಯಾಂಡು ಎಲ್ಲಿಗೂ ಓಗಿಲ್ಲ."

ಅಳಿಯ ಗೋಡೆಯನ್ನು ನೋಡಿದ, ಸೂರನ್ನು ನೋಡಿದ. ಆಯುಧಪೂಜೆಗೆ ಎಲ್ಲಾ ಬಸ್ಸೂ ತೊಳೆದಿರುತ್ತಾರೆ, ಈಗ ಹೋಗಿ ಏನು ನೋಡುವುದು ಎಂದ. ಒಂದಷ್ಟು ದಿನ ಓಡಲಿ, ಧೂಳು ಕಟ್ಟಲಿ ಎಂದ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ದ್ಯಾವಯ್ಯ ಒತ್ತಲಿಲ್ಲ. ಬಣ್ಣ ಒಣಗುವ ತನಕ ಮುಟ್ಟಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹೊರಗೆ ಬಸ್ಸು ಹೋದಾಗಲೆಲ್ಲ ಹೊಸಲಿಗೆ ಬಂದು, ಅದರ ಬೆನ್ನು ನೋಡಿ, "ಇನ್ನೂ ಒಳೀತಾ ಅದೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದ.

ದೀಪಾವಳಿಗೆ ಮುಂಚಿನ ವಾರ ಧರ್ಮೇಂದ್ರ ತಾನಾಗಿ ಅಂಗಿ ಹಾಕಿಕೊಂಡು ಕೂತ. ನೌಕೆಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕಿಟ್ಟ, ಮಸಿಯ ಡಬ್ಬಿಯನ್ನೂ ಇಟ್ಟ. ಬಸ್ಸಿನ ಮೆಟ್ಟಿಲು ಹತ್ತಿಸುವಾಗ ದ್ಯಾವಯ್ಯ ಹಿಂದಿನಿಂದ ತನ್ನ ಭುಜವನ್ನೇ ಅವನಿಗೆ ಮೆಟ್ಟಿಲು ಮಾಡಿಕೊಟ್ಟ. ಡ್ರೈವರು ಇಂಜಿನ್ನು ನಿಲ್ಲಿಸಿ ಕಾದ. ಧರ್ಮೇಂದ್ರ ಅವನ ಮುಖ ನೋಡದೆ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಹೊರಗೆ ನೋಡಿದ. ಗೇರು ಬದಲಾದಾಗಲೆಲ್ಲ ಅವನ ಎಡತೊಡೆ ಒಂದಿಷ್ಟು ಬಿಗಿಯುವುದನ್ನು ಪಕ್ಕದಲ್ಲಿದ್ದ ದ್ಯಾವಯ್ಯ ಕಂಡ, ಕಂಡು ಬೇರೆ ಕಡೆ ತಿರುಗಿದ.

ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತರು. ಬೋರಯ್ಯ ಕತ್ತೆತ್ತಿ ನೋಡಿ, ಏನೂ ಕೇಳದೆ, ಟೀ ಹೇಳಿದ. ಬಸ್ಸುಗಳು ಬಂದವು. ನಾಗಮಂಗಲದ್ದು ಮೈತುಂಬ ಕೆಮ್ಮಣ್ಣು ಹೊತ್ತುಕೊಂಡು ಬಂತು. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಬಂದದ್ದಕ್ಕೆ ನಾಲೆ ಬದಿಯ ಕರೀ ಕೆಸರು, ಬಂಪರಿಗೆ ಕಬ್ಬಿನ ಸೋಗೆ. ಬೆಳ್ಳೂರಿನದ್ದಕ್ಕೆ ಹೆದ್ದಾರಿಯ ಎಣ್ಣೆಹೊಗೆ. ಧರ್ಮೇಂದ್ರ ನೌಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಬಸ್ಸು ನೋಡಿ ಒಂದು ಚುಕ್ಕೆ, ಇನ್ನೊಂದು ನೋಡಿ ಇನ್ನೊಂದು ಚುಕ್ಕೆ ಹಚ್ಚತೊಡಗಿದ. ಡ್ರೈವರುಗಳು, ಕಂಡಕ್ಟರುಗಳು ಸುತ್ತ ಸೇರಿದರು. ಅವರ ಜೊತೆ ರಂಗಸ್ವಾಮಿಯೂ ಬಂದ.

"ಏನ್ಲಾ, ಒಸ ಗಾಡಿ ಕೊಟ್ಬುಟ್ಟವ್ರೆ? ಯಾವ ರೂಟು?"

"ಚಂದ್ರಲೋಕ, ವಯಾ ಕಿಕ್ಕೇರಿ" ಎಂದ ಧರ್ಮೇಂದ್ರ, ಕಡ್ಡಿಯಿಂದ ಕಣ್ಣು ತೆಗೆಯದೆ. "ನಿಂಗೆ ಡ್ಯೂಟಿ ಇಲ್ಲ ಓಗ್ಲಾ, ಚಿಲ್ರೆ ಕೊಡಾಕಿಲ್ಲ ನೀನು."

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಒಬ್ಬ ಕಂಡಕ್ಟರು ಮೆಲ್ಲಗೆ ಕಾಲು ಹೇಗಿದೆಯೆಂದು ಕೇಳಿದ. ಗಿಡ್ಡ ಆಗದೆ ಎಂದು ಇವನೂ ಮೆಲ್ಲಗೆ ಹೇಳಿದ. ಅದನ್ನು ಅವನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಆಕಾಶ ಬೀಳಲಿಲ್ಲ. ಅಷ್ಟರಲ್ಲಿ ಬೆಳ್ಳೂರಿನ ಬಸ್ಸು ಹೊರಟಿತು, ಕೇಳಿದವನು ಓಡಿಹೋಗಿ ಹತ್ತಿಕೊಂಡ.

ಬಿಸಿಲಿಳಿಯುವ ಹೊತ್ತಿಗೆ ದ್ಯಾವಯ್ಯನ ಸೊಂಟ ಬೆಂಚಿಗೆ ಅಂಟಿಹೋಗಿತ್ತು. ಅವನಿಗೆ ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಅಳಿಯ ಮಾತ್ರ ದಾರಿಯ ಕಡೆಯೇ ನೋಡುತ್ತಿದ್ದ. ಮೇಲುಕೋಟೆಯ ಬಸ್ಸು ಇವತ್ತು ಬರುವುದಿಲ್ಲ, ಬೆಟ್ಟದ ಕೆಳಗೆ ಕೆಟ್ಟು ನಿಂತಿದೆ ಎಂದು ಬೋರಯ್ಯ ಬಂದು ಹೇಳಿದ.

"ಅದು ಕಲ್ಲುಪುಡಿ ಧೂಳು, ಬೆಳ್ಳಗಿರ್ತದೆ. ಅದುನ್ನ ನೋಡಬೇಕಾಗಿತ್ತು" ಎಂದ ಧರ್ಮೇಂದ್ರ. ಆಮೇಲೆ ಮಾವನ ಕಡೆ ತಿರುಗದೆ ಕೇಳಿದ. "ನಾಳೀಕೂ ಕರ್ಕಂಬತ್ತೀಯಾ?"

ದ್ಯಾವಯ್ಯ ತನ್ನ ಭುಜ ಒತ್ತಿಕೊಂಡ. ನಾಳೆಯ ಮೆಟ್ಟಿಲು, ನಾಳಿದ್ದಿನ ಮೆಟ್ಟಿಲು, ಮಳೆ ಬಂದ ದಿನದ ಮೆಟ್ಟಿಲು ಎಲ್ಲ ಒಟ್ಟಿಗೇ ಅದರ ಮೇಲೆ ಬಂದು ಕೂತ ಹಾಗಾಯಿತು.

"ನಾಳೆ ಒಂದಿನ ಬಂದ್ರೆ ಬಸ್ ಚಾರ್ಜು ದಂಡ ಕಣಪ್ಪ" ಎಂದ. "ದಿನಾ ಬಂದ್ರೆ ಸಂಬಳ ಕೊಡ್ತಾರಂತೆ."

ಧರ್ಮೇಂದ್ರ ಕಡ್ಡಿ ಒರೆಸಿದ, ಡಬ್ಬಿ ಮುಚ್ಚಿದ, ನೌಕೆಯನ್ನು ಟವಲಿನಲ್ಲಿ ಸುತ್ತಿದ. ಕೋಣೆಯೊಳಗೆ ಬೋರಯ್ಯ ಬಗ್ಗಿಕೊಂಡು ಏನೋ ಬರೆಯುವವನಂತೆ ನಟಿಸುತ್ತಿದ್ದ.

"ಗಂಟೆ ಎಷ್ಟಕ್ಕೆ ಬರಬೇಕು ಬೋರಣ್ಣ?" ಎಂದು ಧರ್ಮೇಂದ್ರ ಕೇಳಿದ.

ಎಂಟಕ್ಕೆ ಎಂದ ಬೋರಯ್ಯ. ಹಾಗಾದರೆ ಬೂಕನಕೆರೆಯಿಂದ ಏಳರ ಬಸ್ಸು ಹಿಡಿಯಬೇಕು, ಅದು ಯಾವಾಗಲೂ ತುಂಬಿ ಬರುತ್ತದೆ ಎಂದುಕೊಳ್ಳುತ್ತ ದ್ಯಾವಯ್ಯ ಮಂಡಿಯ ಮೇಲೆ ಕೈಯೂರಿ ಎದ್ದು, ಅಳಿಯನಿಗೆ ಭುಜ ಕೊಟ್ಟ.