ಗಡಿಯಾರದವನು ಓದುವ ಪುಟ

ಯಾರು ಯಾವ ಪತ್ರಿಕೆ ಕೊಳ್ಳುತ್ತಾರೆಂದು ನೋಡಿ ಅವರ ಮನಸ್ಸು ಹೇಳುವುದು ಪೇಪರ್ ಅಂಗಡಿಯ ಹುಡುಗಿಯ ಹುಚ್ಚು. ಜಗಳಗಂಟರಿಗೆ ರಾಜಕೀಯದ್ದು, ಸೋಮಾರಿಗಳಿಗೆ ಸಿನಿಮಾದ್ದು. ಗಡಿಯಾರ ರಿಪೇರಿಯವನು ಮಾತ್ರ ಭಾನುವಾರ ವಧು-ವರರ ಜಾಹೀರಾತಿನ ಪತ್ರಿಕೆ ಕೊಂಡು, ಅಲ್ಲೇ ನಿಂತು ಆ ಪುಟ ಬಿಡಿಸುತ್ತಿದ್ದ. ಹೆಣ್ಣು ಹುಡುಕುತ್ತಿದ್ದಾನೆಂದು ಅವಳ ಎದೆ ಢವಢವ ಎನ್ನುತ್ತಿತ್ತು.

ಈ ಭಾನುವಾರ ಧೈರ್ಯ ಮಾಡಿದಳು. "ಊರೆಲ್ಲ ಯಾಕೆ ಹುಡುಕ್ತೀರಿ? ತಲೆ ಎತ್ತಿ ಒಂದ್ಸಲ ಎದುರಿಗೆ ನೋಡಬಾರ್ದಾ?"

ಅವನು ಪುಟದ ಕೆಳಗೆ, 'ಕಾಣೆಯಾಗಿದ್ದಾರೆ' ಎಂಬಲ್ಲಿ ಬೆರಳಿಟ್ಟ. "ನನ್ನ ಹೆಂಡ್ತಿ ಕಣಮ್ಮ. ಯಾರಾದ್ರೂ ನೋಡಿರ್ತಾರೇನೋ ಅಂತ ವಾರವಾರ ಫೋಟೋ ಹಾಕಿಸ್ತೀನಿ."

ನಗುತ್ತಿದ್ದ ಆ ಮುಖವನ್ನು ಅವಳೇ ಪ್ರತಿ ಭಾನುವಾರ ಊರಿಗೆಲ್ಲ ಮಾರಿದ್ದಳು.

"ಸಿಗ್ತಾರೆ ಬಿಡಿ ಅಣ್ಣಾ," ಎಂದಳು. ಅವನನ್ನು ಅಣ್ಣಾ ಎಂದು ಕರೆದದ್ದು ಅದೇ ಮೊದಲು.