ಮನೆಯ ದನಿ

"ನಿನ್ನ ಹತ್ರ ಗುರಾಣಿ ಇಲ್ವೇನೋ ಮರಿ?"

ಅತ್ತಿಗೆ ಮೇಜಿನ ಆಚೆಯಿಂದ ಮೆಲ್ಲಗೆ ಕೇಳಿದಳು. ಹಲ್ಲಿನ ಡಾಕ್ಟರು ತಮ್ಮ ಕರಡಿ ಕಾರ್ಡುಗಳನ್ನೆಲ್ಲ ಅವನ ಮೇಲೆ ಬಿಟ್ಟು ಕೈಕಟ್ಟಿ ಕೂತಿದ್ದರು. ಈ ಪೆಟ್ಟು ತಗುಲಿದರೆ ಅವನ ಆಟ ಮುಗಿದ ಹಾಗೆ.

"ಇಲ್ಲ ಅತ್ತಿಗೆ. ನನ್ನ ಕೈಯಲ್ಲಿ ಏನೂ ಇಲ್ಲ."

ಇತ್ತು. ಕೈಯಲ್ಲಿದ್ದ ಕಾರ್ಡುಗಳ ಕೊನೆಗೆ, ಹೆಬ್ಬೆರಳಿನ ಅಡಿಯಲ್ಲೇ, ಬೆಳ್ಳಿ ಗುರಾಣಿ ಇತ್ತು.

ಸ್ಟೇಷನರಿ ಅಂಗಡಿಯ ಹಿಂಬದಿಯ ಆ ಕೋಣೆಯಲ್ಲಿ ಸುಳ್ಳು ಹೇಳುವುದು ತಪ್ಪಾಗಿರಲಿಲ್ಲ. ನಾಲ್ವರು ಕೂತು ಆಡುವ ಆಟ. ಕೊನೆಗೆ ಉಳಿದವರು ಗೆದ್ದಂತೆ. ಬಲ ತೋರಿಸಿದವರ ಮೇಲೆ ಉಳಿದವರೆಲ್ಲ ಮುಗಿಬೀಳುತ್ತಾರೆ. ಹಾಗಾಗಿ ಎಲ್ಲರೂ ಬಡವರ ವೇಷ ಹಾಕುತ್ತಾರೆ, ಒಳಗೊಳಗೇ ಒಪ್ಪಂದ ಮಾಡಿಕೊಳ್ಳುತ್ತಾರೆ, ಮುರಿಯುತ್ತಾರೆ. ಅಂಚೆಯವನಂತೂ ಮೊದಲ ಕಾರ್ಡು ಎತ್ತುವಾಗಲೇ "ಅಯ್ಯೋ, ನಾನು ಸತ್ತೆ" ಎಂದು ಗೋಳಾಡುವವನು. ಇವತ್ತು ನಿಜವಾಗಿಯೂ ಮೊದಲೇ ಸೋತು, ಪಕ್ಕದ ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.

ಆದರೆ ಆ ಸುಳ್ಳುಗಳಿಗೆಲ್ಲ ಆಟದ ದನಿ ಇರುತ್ತಿತ್ತು. ಅಡಿಯಲ್ಲಿ ಒಂದು ನಗು ಇರುತ್ತಿತ್ತು. ಅವನು ಈಗ ಹೇಳಿದ್ದು ಬೇರೆ ದನಿಯಲ್ಲಿ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಜ್ವರ ಬಂದಾಗ, "ಊಟ ಬೇಡ ಅತ್ತಿಗೆ, ಸೇರ್ತಿಲ್ಲ" ಎನ್ನುತ್ತಿದ್ದ ದನಿ. ಅದು ತಾನಾಗಿ ಬಂದದ್ದಲ್ಲ. ಬೇಕೆಂದೇ ತೆಗೆದಿದ್ದ.

ಅತ್ತಿಗೆ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತನ್ನ ಕೈಯಿಂದ ಗುರಾಣಿಯನ್ನು ತೆಗೆದು ಅವನ ಮುಂದೆ ಇಟ್ಟಳು.

"ಅವನ ಮೇಲಿನ ಪೆಟ್ಟು ನಾನು ತಡೀತೀನಿ ಡಾಕ್ಟ್ರೇ."

"ಏನಮ್ಮಾ ನೀವು!" ಡಾಕ್ಟರು ಹಣೆ ಚಚ್ಚಿಕೊಂಡರು. "ಅವನನ್ನ ಬಿಟ್ಟಿದ್ರೆ ಈ ಸರ್ತಿ ನೀವೇ ಗೆಲ್ತಿದ್ರಿ. ನನ್ನ ಕರಡಿಗಳೆಲ್ಲ ಮಲಗಿಬಿಟ್ಟಿವೆ, ನೋಡಿ."

ಹೌದು, ದಾಳಿ ಮಾಡಿದ ಕಾರ್ಡನ್ನು ಅಡ್ಡ ಮಲಗಿಸಬೇಕು. ಆಡಿದವರ ಸರದಿ ಮತ್ತೆ ಬರುವ ತನಕ ಅದು ಯಾವ ಪೆಟ್ಟನ್ನೂ ತಡೆಯುವುದಿಲ್ಲ. ಅದು ಅತ್ತಿಗೆಗೆ ಗೊತ್ತಿರಲಿಲ್ಲವೆಂದಲ್ಲ. ಗೆದ್ದವರಿಗೆ ಸಮುದ್ರದ ಊರಿನ ದೊಡ್ಡ ಪಂದ್ಯಕ್ಕೆ ಒಂದೇ ಒಂದು ಜಾಗ. ಅವನು ಹಿಂದೆಯೂ ಹೋಗಿ ಬಂದಿದ್ದ. ಅವಳು ಒಮ್ಮೆಯೂ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸದಲ್ಲಿ ಪಾಳಿ ಅದಲುಬದಲು ಮಾಡಿಕೊಂಡು, ಈ ವಾರವೆಲ್ಲ ಅಡುಗೆಮನೆಯಲ್ಲೇ ಕಾರ್ಡು ಜೋಡಿಸುತ್ತ, "ನಾನೂ ಒಂದ್ಸಲ ಸಮುದ್ರ ನೋಡ್ಬೇಕಪ್ಪ" ಎಂದು ಅಣ್ಣನ ಹತ್ತಿರ ಹೇಳುತ್ತಿದ್ದುದನ್ನು ಅವನು ಕೇಳಿದ್ದ.

ಲೆಕ್ಕ ಅವನು ಹಾಕಿದಂತೆಯೇ ನಡೆಯಿತು. ಅತ್ತಿಗೆಯ ಸರದಿ ಬಂತು. ಅವಳ ಕುದುರೆಗಳೆಲ್ಲ ನುಗ್ಗಿ ಡಾಕ್ಟರನ್ನು ಮುಗಿಸಿ ಅಡ್ಡ ಮಲಗಿದವು.

"ಆಯ್ತಪ್ಪ, ಇನ್ನು ಮನೆಯವರೇ ಹೊಡೆದಾಡ್ಕೊಳ್ಳಿ" ಎಂದರು ಡಾಕ್ಟರು.

"ಈಗ ನಾವಿಬ್ರೇ" ಎಂದು ಅತ್ತಿಗೆ ನಕ್ಕಳು. "ನಿಧಾನಕ್ಕೆ ಆಡೋಣ, ಏನು?"

ಅವನು ಬೆಂಕಿಹಕ್ಕಿಯನ್ನು ಇಳಿಸಿದ. ತಡೆಯಲು ಅವಳ ಮುಂದೆ ಎದ್ದು ನಿಂತ ಕುದುರೆ ಒಂದೂ ಇರಲಿಲ್ಲ, ಗುರಾಣಿಯೂ ಇರಲಿಲ್ಲ.

"ಓ" ಎಂದಳು. ಅಷ್ಟೇ.

"ಭೇಷ್!" ಅಂಚೆಯವನು ಅವನ ಬೆನ್ನಿಗೆ ಗುದ್ದಿದ. "ಕನ್ನಡಕದ ಅಂಗಡೀಲಿ ದಿನಾ ಗಾಜು ತಿಕ್ಕೋ ಕೈ ಅಲ್ವಾ, ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ! ಸರಿ, ಕೈ ಬಿಚ್ಚಿ ಎಲ್ರೂ."

ಅದನ್ನು ಅವನು ಮರೆತಿದ್ದ. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ಉಳಿದ ಕಾರ್ಡುಗಳನ್ನು ಬಿಚ್ಚಿ ತೋರಿಸುವುದು ಆ ಕೋಣೆಯ ಪದ್ಧತಿ. ಯಾರು ಎಲ್ಲಿ ಎಡವಿದರೆಂದು ಮಾತಾಡಿಕೊಳ್ಳುತ್ತ ಟೀ ಕುಡಿಯುತ್ತಾರೆ.

ಅತ್ತಿಗೆಯ ಕೈಯಲ್ಲಿ ಉಳಿದದ್ದು ಒಂದೇ ಕಾರ್ಡು, ಹಳದಿ ಬಾತುಕೋಳಿ. ಡಾಕ್ಟರು ನಕ್ಕರು. "ಯಾತಕ್ಕೂ ಬಾರದ್ದು. ಇದನ್ನ ಯಾಕಮ್ಮಾ ಇಟ್ಕೊಂಡು ಆಡ್ತೀರಾ?"

"ಇರಲಿ ಬಿಡಿ, ಹಳೇ ಸ್ನೇಹಿತ."

ಅವನ ಕಿವಿ ಬಿಸಿಯಾಯಿತು. ಆ ಬಾತುಕೋಳಿ ಅವನದೇ. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದಿದ್ದಾಗ, ಹೊಸದಾಗಿ ಮನೆಗೆ ಬಂದಿದ್ದ ಅತ್ತಿಗೆ ಅವನಿಗಾಗಿಯೇ ಈ ಆಟ ಕಲಿತಳು. ಎಲ್ಲೋ ಯಾರ ಜೊತೆಗೋ ವಿನಿಮಯ ಮಾಡಿ ಬೆಳ್ಳಿ ಗುರಾಣಿ ಸಂಪಾದಿಸಿ, ಕೆಲಸದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಂದಿದ್ದಳು, ಮೂಲೆ ಮಡಚಿಹೋಗಿತ್ತು. "ಬಿಟ್ಟಿ ಕೊಡಲ್ಲಪ್ಪ, ಬದಲಿಗೊಂದು ಕೊಡು" ಎಂದು ಅವನ ರಾಶಿಯಲ್ಲೆಲ್ಲ ಹುಡುಕಿ, "ಅಬ್ಬಾ, ಈ ಬಾತುಕೋಳಿ! ಇದೇ ಬೇಕಿತ್ತು ನನಗೆ" ಎಂದಿದ್ದಳು.

ಅವನು ತನ್ನ ಕಾರ್ಡುಗಳನ್ನು ಕಟ್ಟಿನೊಳಗೆ ತೂರಿಸಲು ಹೋದ.

"ಏಯ್, ಗೆದ್ದೋನೂ ತೋರಿಸ್ಬೇಕು" ಎಂದ ಅಂಚೆಯವನು.

ಬಿಚ್ಚಿ ಇಟ್ಟ. ಗುರಾಣಿ ಎಲ್ಲಕ್ಕಿಂತ ಅಡಿಯಲ್ಲಿತ್ತು. ಮಡಚಿದ ಮೂಲೆಯೊಂದೇ ಹೊರಗೆ ಕಾಣುತ್ತಿತ್ತು. ಅತ್ತಿಗೆಯ ಕಣ್ಣು ಅಲ್ಲಿಗೆ ಹೋಯಿತು, ಅಲ್ಲೇ ನಿಂತಿತು.

ಡಾಕ್ಟರು ಕೈ ಚಾಚುವಷ್ಟರಲ್ಲಿ ಅವಳ ಬೆರಳುಗಳು ಆ ಕಾರ್ಡುಗಳನ್ನೆಲ್ಲ ಒಟ್ಟು ಮಾಡಿ ಅವನ ಕಟ್ಟಿನೊಳಗೆ ಸೇರಿಸಿಬಿಟ್ಟಿದ್ದವು. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ ಎಂದು ರೋಗಿಗಳು ಹೇಳುವ ಕೈ ಅದು.

"ನಾನು ನೋಡ್ದೆ ಡಾಕ್ಟ್ರೇ" ಎಂದಳು. "ಏನೂ ಇರ್ಲಿಲ್ಲ ಪಾಪ ಅವನ ಕೈಯಲ್ಲಿ. ಬನ್ನಿ, ಟೀ ಆರಿಹೋಗುತ್ತೆ."

ಅವಳೇ ಎಲ್ಲರಿಗೂ ಲೋಟ ಕೊಟ್ಟಳು. ಅವನಿಗೆ ಕೊಡುವಾಗ ಎಂದಿನಂತೆ ಕೆನೆ ತೆಗೆದೇ ಕೊಟ್ಟಳು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅವನು ಎರಡು ಸಲ "ಅತ್ತಿಗೆ" ಎಂದು ಬಾಯಿ ತೆರೆದ. ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ಮುಚ್ಚಿಕೊಂಡ.

"ಮಫ್ಲರ್ ತಗೊಂಡು ಹೋಗು" ಎಂದಳು ಅವಳೇ, ಹೊರಗೆ ನೋಡುತ್ತ. "ಸಮುದ್ರದ ಗಾಳಿ. ನಿನಗೆ ಬೇಗ ನೆಗಡಿ ಆಗುತ್ತೆ."

ಮುಂದಿನ ನಿಲ್ದಾಣದಲ್ಲಿ ಜನ ಹತ್ತಿದರು. ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅವನಿಗೆ ಇನ್ನಷ್ಟು ಜಾಗ ಬಿಟ್ಟಳು. ಅವನು ಗುರಾಣಿಯನ್ನು ಅದರ ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಮೊಣಕಾಲಿನ ಮೇಲಿಟ್ಟು, ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಒತ್ತಿದಷ್ಟು ಹೊತ್ತು ಅದು ಚಪ್ಪಟೆಯಾಗಿರುತ್ತಿತ್ತು. ಬೆರಳು ತೆಗೆದೊಡನೆ ಮೆಲ್ಲಗೆ ಮೇಲೇಳುತ್ತಿತ್ತು.