ಹೆಂಡತಿ ಮಕ್ಕಳಿಗೆ ವಿನಾಯಿತಿ

ಜರ್ಮನಿಯ ನಾಲ್ಕನೆಯ ಹೆನ್ರಿ ಎಂಬ ದೊರೆ ಒಂದು ಕೋಟೆಯ ಬಾಗಿಲಲ್ಲಿ ಕ್ಷಮೆ ಬೇಡುತ್ತಾ ಮೂರು ದಿನ ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದನಂತೆ. ಕೋಟೆಯ ಒಳಗೆ ಬೆಚ್ಚಗೆ ಕೂತವರು ಪೋಪ್. ಪೋಪರ ಹತ್ತಿರ ಹೇಳಿಕೊಳ್ಳುವಂಥ ಸೈನ್ಯವೂ ಇರಲಿಲ್ಲ. ಇದ್ದದ್ದು ಒಂದು ಮಾತು: ಇವನು ನಮ್ಮವನಲ್ಲ, ಇವನ ಜೊತೆ ಯಾರೂ ಉಣ್ಣಬೇಡಿ. ಚರಿತ್ರೆಯ ಪಾಠದಲ್ಲಿ ರಾಜೇಂದ್ರ ಸರ್ ಇದನ್ನು ಹೇಳಿದಾಗ ಹಿಂದಿನ ಬೆಂಚಿನವನೊಬ್ಬ, "ಒಂದ್ ಜೊತಿ ಚಪ್ಪಲ್ ಹಾಕಂಬ್ಕೆ ಎಂತ ಆಯಿತ್ತ್ ಅವ್ನಿಗೆ?" ಅಂದ. ಮೂರನೇ ಬಿ.ಎ. ಇಡೀ ನಕ್ಕಿತು. ನಾನು ನಗಲಿಲ್ಲ. ಹೇಳಿಕೆ ಬಾರದ ಮನೆಯವಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಹೇಳಿಕೆ ಅಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮದುವೆಯ ಕಾಗದ ಎಷ್ಟು ಚೆಂದ ಅಚ್ಚು ಹಾಕಿಸಿದರೂ ಕುಂದಾಪುರದಿಂದ ಬೈಂದೂರಿನವರೆಗೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಮದುವೆ ಮನೆಯವರು ಬರಬೇಕು, ಜಗಲಿಯಲ್ಲಿ ಕೂರಬೇಕು, ಬೆಲ್ಲ ನೀರು ಕುಡಿದು ಬಾಯಿಬಿಟ್ಟು ಹೇಳಬೇಕು. 'ಒಬ್ರು ಬನ್ನಿ' ಅಂದರೆ ಒಬ್ಬರು. 'ಮನಿಯವ್ರೆಲ್ಲ ಬನ್ನಿ' ಅಂದರೆ ತೊಟ್ಟಿಲ ಕೂಸೂ ಸೇರಿ. ಹಾಗೆ ಹೇಳದ ಮನೆಗೆ ಹೋಗಿ ಉಂಡವರನ್ನು ಊರು ಸಾಯುವವರೆಗೂ ಆಡಿಕೊಳ್ಳುತ್ತದೆ. ನಮ್ಮ ಜಗಲಿಗೆ ಎರಡೂವರೆ ವರ್ಷಗಳಿಂದ ಯಾರೂ ಹಾಗೆ ಬಂದಿರಲಿಲ್ಲ.

ನಮ್ಮ ಮನೆ ಇರುವುದು ಕಿರಿಮಂಜೇಶ್ವರದಿಂದ ಒಂದೂವರೆ ಮೈಲಿ ಒಳಗೆ. ಅಲ್ಲಿ ಊರಿನ ದೈವದ ಮನೆಯಲ್ಲಿ ದೀಪ ಹಚ್ಚಿ ಬೀಗ ಹಾಕುವುದು ಸರದಿಯ ಕೆಲಸ, ತಿಂಗಳಿಗೆ ಒಂದು ಮನೆಯದು. ೧೯೯೯ರ ಡಿಸೆಂಬರ್ ನಮ್ಮ ಸರದಿ. ಆ ತಿಂಗಳೇ ದೈವದ ಬೆಳ್ಳಿಯ ಮುಖವಾಡ ಕಾಣೆಯಾಯಿತು. ಬೀಗದ ಕೈ ಇದ್ದದ್ದು ನಮ್ಮ ಅಪ್ಪಯ್ಯನ ಸೊಂಟದಲ್ಲಿ. ಊರವರು ಪೊಲೀಸರ ಹತ್ತಿರ ಹೋಗಲಿಲ್ಲ. ಪ್ರಮಾಣ ಮಾಡಲಿ ಅಂದರು. ಅಪ್ಪಯ್ಯ ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ದೈವದ ಮುಂದೆ ಹೋಗಿ ನಿಂತರು, ಪ್ರಮಾಣ ಮಾಡದೆ ಹಿಂದೆ ತಿರುಗಿ ಬಂದರು. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ನಾನು ಕಂಡದ್ದು ಅವರು ಅಂಗಳಕ್ಕೆ ಬಂದು ನೀರು ಸೋರುತ್ತಾ ನಿಂತದ್ದು ಮಾತ್ರ.

"ನೀವೇ ಕದ್ದದ್ದಾ?" ಅಂತ ಕೇಳಿದೆ. ಹದಿನೆಂಟು ವರ್ಷ ನನಗೆ, ಮೂಗಿನ ತುದಿಯಲ್ಲೇ ಸಿಟ್ಟು.

"ಆ ವಿಷ್ಯ ಬಿಡ್ ಮಗಾ," ಅಂದರು.

ಬಿಟ್ಟೆ. ಅದರ ಜೊತೆಗೆ ಅವರನ್ನೂ ಬಿಟ್ಟೆ. ಅಂದಿನಿಂದ ಅವರ ಜೊತೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಮಾತಿಲ್ಲದೆ ಇರುವುದು ಕಷ್ಟವೇನಲ್ಲ, ಅಮ್ಮನೊಬ್ಬಳು ನಡುವೆ ಇದ್ದರೆ ಸಾಕು. ಹೆದ್ದಾರಿಯ ಬದಿಗೆ ಅಪ್ಪಯ್ಯನ ಸೈಕಲ್ ರಿಪೇರಿ ಅಂಗಡಿ. ಊರವರು ಅದರ ಎದುರಿನಿಂದಲೇ ಪಂಕ್ಚರ್ ಆದ ಸೈಕಲನ್ನು ಪಕ್ಕದೂರು ನಾವುಂದದವರೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಬೈದವರಿಲ್ಲ, ಕಲ್ಲು ಹೊಡೆದವರಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ತ್ರಾಸಿಯವರೆಗೆ ಖಾಲಿ. ತ್ರಾಸಿಯಲ್ಲಿ ನಮ್ಮ ಕಥೆ ಗೊತ್ತಿಲ್ಲದ ಯಾರಾದರೂ ಬಂದು ಕೂತರೆ ಕುಂದಾಪುರದ ಕಾಲೇಜು ಬರುವವರೆಗೆ ಅವರ ಹತ್ತಿರ ಸುಮ್ಮನೆ ಏನಾದರೂ ಮಾತಾಡುತ್ತಿದ್ದೆ. ಅಷ್ಟು ಆಸೆಯಾಗುತ್ತಿತ್ತು.

'ಮಧ್ಯಯುಗದ ಯುರೋಪಿನಲ್ಲಿ ಅಧಿಕಾರ, ಧರ್ಮ ಮತ್ತು ಹಿಂಸೆ' ಎಂಬ ಸೆಮಿನಾರಿನ ವಿಷಯ ನನ್ನ ಪಾಲಿಗೆ ಬಂತು. "ಪುಸ್ತಕ ಕಾಪಿ ಹೊಡೀಬೇಡ, ನಿನ್ನ ತಲೆಯಲ್ಲಿ ಏನಿದೆಯೋ ಅದನ್ನು ಬರಿ," ಅಂದರು ರಾಜೇಂದ್ರ ಸರ್. ಗೆಳತಿಯರಿಲ್ಲದವಳಿಗೆ ಲೈಬ್ರರಿಯೇ ಗತಿ. ಮಧ್ಯಾಹ್ನವೆಲ್ಲ ಅಲ್ಲೇ ಕೂತು ಓದಿದೆ. ಕಳ್ಳತನದ ಆರೋಪ ಹೊತ್ತವನ ಕೈಗೆ ಕಾದ ಕಬ್ಬಿಣ ಕೊಡುತ್ತಿದ್ದರಂತೆ. ಅದನ್ನು ಹಿಡಿದು ಇಷ್ಟು ಹೆಜ್ಜೆ ನಡೆಯಬೇಕು. ಆಮೇಲೆ ಪಾದ್ರಿ ಕೈಗೆ ಬಟ್ಟೆ ಕಟ್ಟುತ್ತಾನೆ. ಮೂರು ದಿನ ಬಿಟ್ಟು ಬಿಚ್ಚಿ ನೋಡಿದಾಗ ಗಾಯ ಮಾಗಿದ್ದರೆ ನಿರಪರಾಧಿ, ಕೀವು ತುಂಬಿದ್ದರೆ ಕಳ್ಳ. ಆ ಮೂರು ದಿನ ಅವನ ಮನೆಯವರು ಏನು ಮಾಡುತ್ತಿದ್ದರು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ನನಗೆ ಬೇಕಾದದ್ದು ಅದೇ ಆಗಿತ್ತು. ಅವನ ಮಗಳು ಆ ಬಟ್ಟೆಯನ್ನು ನೋಡುತ್ತಾ ಏನಂದುಕೊಂಡಳು?

೧೨೧೫ರಲ್ಲಿ ಚರ್ಚಿನವರು ದೊಡ್ಡ ಸಭೆ ಸೇರಿ, ಪಾದ್ರಿಗಳು ಇಂಥ ಪರೀಕ್ಷೆಗೆ ಇನ್ನು ಕೈಹಾಕಬಾರದೆಂದು ಕಟ್ಟಳೆ ಮಾಡಿದರು. ಅಬ್ಬ, ಬುದ್ಧಿ ಬಂತು ಅಂದುಕೊಂಡೆ. ಪುಟ ತಿರುಗಿಸಿದರೆ ಚಿತ್ರಹಿಂಸೆ. ದೇವರ ಸಾಕ್ಷಿ ಹೋದ ಮೇಲೆ ಆರೋಪಿಯ ಬಾಯಿಂದಲೇ ತಪ್ಪೊಪ್ಪಿಗೆ ಬೇಕಾಯಿತು, ಬಾಯಿ ಬಿಡಿಸಲಿಕ್ಕೆ ಹಗ್ಗ ರಾಟೆ ಬಂದವು. 'ಅಧಿಕಾರಕ್ಕೆ ಸತ್ಯ ಬೇಕಾಗಿಲ್ಲ, ಆರೋಪಿಯ ಬಾಯಿಂದ ಒಂದು ಮಾತು ಬೇಕು' ಅಂತ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ. ಭಾರಿ ಬರೆದುಬಿಟ್ಟೆ ಅಂತ ಹೆಮ್ಮೆಯೂ ಆಯಿತು.

ಇನ್ನೊಂದು ಸಂಗತಿ ಓದಿ ಮಾತ್ರ ಒಬ್ಬಳೇ ನಕ್ಕೆ. ಬಹಿಷ್ಕಾರ ಬಿದ್ದವನ ಜೊತೆ ಉಂಡವನಿಗೂ ಬಹಿಷ್ಕಾರ. ಅವನ ಜೊತೆ ಉಂಡವನಿಗೆ? ಹೀಗೇ ಹೋದರೆ ಉಣ್ಣಲು ಯಾರೂ ಉಳಿಯುವುದಿಲ್ಲ ಅಂತ ಪೋಪರಿಗೆ ತಡವಾಗಿ ಹೊಳೆಯಿತು. ಹೆನ್ರಿ ಹಿಮದಲ್ಲಿ ನಿಂತ ಮರುವರ್ಷ ಅದೇ ಪೋಪ್ ಒಂದು ತಿದ್ದುಪಡಿ ತಂದರು: ಹೆಂಡತಿ, ಮಕ್ಕಳು, ಆಳುಗಳಿಗೆ ವಿನಾಯಿತಿ.

ಅದನ್ನು ಓದಿದ ವಾರವೇ ನಮ್ಮ ಅಂಗಳಕ್ಕೆ ಗೋವರ್ಧನ ಮಾವ ಬಂದರು. ಗದ್ದೆಯಾಚೆಯ ಮನೆ ಅವರದು. ಅವರ ಮಗಳು ಸೌಮ್ಯಶ್ರೀ ನನ್ನ ಜೊತೆ ಒಂದನೇ ಕ್ಲಾಸಿನಿಂದ ಒಂದೇ ಕೊಡೆಯಲ್ಲಿ ನಡೆದವಳು, ಎರಡೂವರೆ ವರ್ಷದಿಂದ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುವವಳು. ಅವಳಿಗೆ ಮದುವೆ. ಗೋವರ್ಧನ ಮಾವ ಜಗಲಿ ಹತ್ತಲಿಲ್ಲ. ಅಪ್ಪಯ್ಯ ಅಂಗಡಿಗೆ ಹೋದ ಹೊತ್ತು ನೋಡಿಯೇ ಬಂದಿದ್ದರು.

"ಹೆಣ್ಣ್ ಹಟ ಮಾಡ್ತಾ ಇತ್ತ್, ರಮಿತ ಬಾರ್ದೆ ನಾ ಧಾರೆಗ್ ಕೂಕಣುದಿಲ್ಲ ಅಂದೇಳಿ," ಅಂದರು ಅಮ್ಮನಿಗೆ. "ಊರವ್ರ್ ಹತ್ರ ಮಾತಾಡಿದೆ. ನೀವ್ ಅಮ್ಮ ಮಗ್ಳ್ ಇಬ್ರೂ ಬನ್ನಿ. ಹೆಂಗಸ್ರಿಗ್ ಯಾರೂ ಎಂತ ಹೇಳುದಿಲ್ಲ."

ಅಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ದುಃಖಕ್ಕಲ್ಲ, ಖುಷಿಗೆ. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ? ಕದ್ದವರು ಅಪ್ಪಯ್ಯ, ನಾವು ಯಾಕೆ ಅನುಭವಿಸಬೇಕು? ರಾತ್ರಿ ಊಟಕ್ಕೆ ಕೂತಾಗ ಅಮ್ಮ ವಿಷಯ ಹೇಳಿದಳು. ಅಪ್ಪಯ್ಯ, "ಒಳ್ಳೇದಾಯ್ತ್, ಹೋಯಿ ಬನ್ನಿ," ಅಂದು ಎದ್ದರು. ಅನ್ನ ಅರ್ಧ ಹಾಗೇ ಇತ್ತು.

ಮದುವೆಗೆ ನಾಲ್ಕು ದಿನ ಇರುವಾಗ ನಾನು ಪದ್ದಜ್ಜನ ಮನೆಗೆ ಹೋದೆ. ಪದ್ದಜ್ಜ ದೈವದ ಪಾತ್ರಿ. ದೈವ ಮೈಮೇಲೆ ಬರುವುದೂ ಅವರಿಗೆ, ಪ್ರಮಾಣ ಮಾಡುವವರಿಗೆ ಮಾತು ಹೇಳಿಕೊಡುವುದೂ ಅವರೇ. ಹೋದದ್ದು ಅಪ್ಪಯ್ಯನಿಗಾಗಿ ಅಲ್ಲ, ಸೆಮಿನಾರಿಗೆ. ಯುರೋಪಿನ ಪರೀಕ್ಷೆಯ ಪಕ್ಕದಲ್ಲಿ ನಮ್ಮ ಪ್ರಮಾಣವನ್ನೂ ಇಟ್ಟರೆ ರಾಜೇಂದ್ರ ಸರ್ ಮೆಚ್ಚುತ್ತಾರೆ ಅಂತ ಲೆಕ್ಕ. ಪದ್ದಜ್ಜ ಕೊಟ್ಟಿಗೆಯ ಹಿಂದೆ ಕೂತು ಮದುವೆ ಚಪ್ಪರಕ್ಕೆ ತೆಂಗಿನ ಮಡಲು ಹೆಣೆಯುತ್ತಿದ್ದರು.

"ಎಂತಕ್ಕೆ ಹೆಣ್ಣೆ, ಕಾಲೇಜಂಗೆ ಇದ್ನೂ ಕಲಿಸ್ತ್ರಾ?" ಅಂತ ನಕ್ಕರು. ಮಡಲಿನಿಂದ ಕೈ ತೆಗೆಯದೆಯೇ, ಮಗ್ಗಿ ಒಪ್ಪಿಸುವವರ ಹಾಗೆ ಹೇಳಿದರು: "ಕದ್ದವ ನಾನಲ್ಲ. ಕಾವಲು ತಪ್ಪಿದವನೂ ನಾನಲ್ಲ. ಈ ಮಾತು ಸುಳ್ಳಾದರೆ ನನ್ನ ಸಂತಾನಕ್ಕೆ ತಟ್ಟಲಿ. ಇದಿಷ್ಟೇ. ಒಂದೊಂದ್ ಮಾತ್ ಮೂರ್ ಮೂರ್ ಸಲ."

ನಾನು ಬರೆದುಕೊಳ್ಳುತ್ತಿದ್ದೆ. 'ಸಂತಾನಕ್ಕೆ' ಅಂತ ಬರೆಯುವಾಗ ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ಸಂತಾನ ಅಂದರೆ ನಾನೊಬ್ಬಳೇ.

"ನಮ್ಮ ಅಪ್ಪಯ್ಯ ಎಲ್ಲಿ ನಿಲ್ಸಿದ್ರ್ ಪದ್ದಜ್ಜ?"

ಅವರು ಮಡಲು ಕೆಳಗಿಟ್ಟರು. "ಮೊದಲ್ನೇ ಮಾತ್ ಮೂರ್ ಸಲ ಹೇಳಿದ. ಸಮ ಗಟ್ಟಿಯಾಯೇ ಹೇಳಿದ. ಎರಡ್ನೇ ಮಾತಿಗ್ ಬಪ್ಪ್ ಹೊತ್ತಿಗೆ ಬಾಯಿ ಕಟ್ಟಿ ಹೋಯ್ತ್."

"ಹಂಗಾರೆ ಕದೀಲಿಲ್ಲ ಅಂದ್ ಹೇಳಿದ್ರಲ್ದಾ?"

"ಹೇಳಿದ. ಆರೆ ಅರ್ಧ ಪ್ರಮಾಣ ಪ್ರಮಾಣ ಅಲ್ಲ ಹೆಣ್ಣೆ. ಹೇಳಿರೆ ಇಡೀ ಹೇಳ್ಕ್."

ಗದ್ದೆಯ ಅಂಚಿನ ಮೇಲೆ ಮನೆಗೆ ಬರುವಾಗ, ಮುಖವಾಡ ಕಾಣೆಯಾದ ಆ ಡಿಸೆಂಬರಿನ ಒಂದು ಸಂಜೆ ನೆನಪಾಯಿತು. ಕಾಲೇಜಿನಲ್ಲಿ ಆಟೋಟ ಮುಗಿದು ಹೊತ್ತಾಗಿ, ಸಿಕ್ಕಿದ ಬಸ್ಸು ತ್ರಾಸಿಯಲ್ಲಿ ಕೆಟ್ಟು ನಿಂತು, ನಾನು ಅಲ್ಲಿಂದ ಗೋವರ್ಧನ ಮಾವನ ಮನೆಗೆ ಫೋನು ಮಾಡಿದ್ದೆ. ಅಳುತ್ತಾ ಮಾಡಿದ್ದೆ. ಅಪ್ಪಯ್ಯ ದೈವದ ಮನೆಯಲ್ಲಿ ದೀಪ ಹಚ್ಚುತ್ತಿದ್ದವರು ಸುದ್ದಿ ಕೇಳಿ ಇದ್ದ ಹಾಗೆಯೇ ಓಡಿ ಬಂದಿದ್ದರು. ಸೈಕಲ್ ತುಳಿದು ಬಂದವರ ಎದೆ ಢವಢವ ಹೊಡೆದುಕೊಳ್ಳುತ್ತಿದ್ದದ್ದು ಹಿಂದೆ ಕೂತ ನನಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಅಂಥ ಓಟದಲ್ಲಿ ಬೀಗ ಹಾಕಿದ್ದರೋ ಇಲ್ಲವೋ. ಕಾವಲು ತಪ್ಪಲಿಲ್ಲ ಅಂತ ಪ್ರಮಾಣ ಮಾಡಿ, ಅದು ಸುಳ್ಳಾದರೆ ತಟ್ಟುವುದು ನನಗೆ. ಹಾಕಲಿಲ್ಲ ಅಂತ ಊರ ಮುಂದೆ ಹೇಳಿದ್ದರೆ ಯಾಕೆ ಅಂತ ಕೇಳುತ್ತಿದ್ದರು. ಮಗಳನ್ನು ಕರೆತರಲು ಹೋದೆ ಅಂದರೆ, ಮುಖವಾಡ ಹೋದದ್ದು ಹೆಣ್ಣು ಕಾಲೇಜಿಗೆ ಹೋಗುವುದರಿಂದ ಅಂತ ಊರು ಅಲ್ಲೇ ತೀರ್ಮಾನ ಮಾಡುತ್ತಿತ್ತು. ಮರುದಿನದಿಂದ ನಾನು ಬಸ್ಸು ಹತ್ತುತ್ತಿರಲಿಲ್ಲ.

ಊರವರಾದರೂ ಒಂದು ದಿನ ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ ಕೇಳಿದರು. ನಾನು ಎರಡೂವರೆ ವರ್ಷ ನಿಲ್ಲಿಸಿದೆ. ನನಗೆ ಬೇಕಾದ ಮಾತು ಅವರ ಬಾಯಿಂದ ಬರಲಿಲ್ಲ ಅಂತ ತಟ್ಟೆಗೆ ಅನ್ನ ಬಡಿಸುವಾಗಲೂ ಮುಖ ನೋಡಲಿಲ್ಲ. ಪೋಪರ ಬಗ್ಗೆ, ಹಗ್ಗ ರಾಟೆಯ ಬಗ್ಗೆ ಅಡಿಗೆರೆ ಹಾಕಿ ಬರೆದವಳು ನಾನೇ. ನಾಚಿಕೆಯಾಯಿತು. ನಾಲ್ಕು ದಿನ ಕಳೆದರೂ ಅವರ ಎದುರು ನಿಂತು ಒಂದು ಮಾತು ಆಡಲು ಧೈರ್ಯ ಬರಲಿಲ್ಲ.

ಮದುವೆಯ ದಿನ ಅಮ್ಮ ಬೆಳಿಗ್ಗೆಯೇ ಹೋದಳು. ನಾನು ಹಸಿರು ಸೀರೆ ಉಟ್ಟು ಹೊರಟವಳು ಗದ್ದೆಯ ನಡುವೆ ನಿಂತೆ. ಚಪ್ಪರದಲ್ಲಿ ಸೌಮ್ಯಶ್ರೀ ತಲೆಯೆತ್ತಿ ನನ್ನನ್ನು ಹುಡುಕುತ್ತಿರಬಹುದು. ಅವಳ ಮೇಲೆ ನನಗೆ ಈಗ ಸಿಟ್ಟಿರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ನನಗೆ ಊರು ಸಿಗುತ್ತಿತ್ತು. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದು, ವಾಲಗ ನಿಂತ ಮೇಲೆ ತಿರುಗಿ ಮನೆಗೆ ಬಂದೆ.

ಅಪ್ಪಯ್ಯ ಜಗಲಿಯಲ್ಲಿ ಗೋಡೆಗೆ ಒರಗಿ ಗಂಜಿ ಉಣ್ಣುತ್ತಿದ್ದರು, ಜೊತೆಗೆ ಉಪ್ಪಿನಕಾಯಿ. ನನ್ನನ್ನು ನೋಡಿ ಗಾಬರಿಯಾದರು. ಯಾರಾದರೂ ಏನಾದರೂ ಅಂದರೋ ಅಂತ ಅವರ ಭಯ.

"ನಾ ಹೋಯ್ಲಿಲ್ಲೆ ಅಪ್ಪಯ್ಯ," ಅಂದೆ. "ಪ್ರಮಾಣದ್ ಮಾತ್ ಎಂತದ್ ಅಂದ್ ಪದ್ದಜ್ಜನ ಹತ್ರ ಕೇಂಡೆ."

ಅವರು ಗಂಜಿಯ ಬಟ್ಟಲನ್ನೇ ನೋಡಿದರು. "ಅವ ನಿಂಗ್ ಅದ್ನ ಹೇಳ್ಬಾರ್ದಿತ್ತ್."

"ನಾಳೆ ಹೋಯಿ ಇಡೀ ಹೇಳಿ ಬನ್ನಿ. ನಂಗ್ ಎಂತದೂ ಆತಿಲ್ಲೆ."

"ಬೀಗ ಹಾಕಿದ್ನೋ ಇಲ್ಲ್ಯೋ ನಂಗೇ ನೆನ್ಪಿಲ್ಲೆ ಮಗಾ."

"ಇಲ್ದಿರೂ ಅಡ್ಡಿಲ್ಲೆ. ಬರೀ ಮಾತ್ ಅದ್. ಬರೀ ಮಾತಿಗ್ ಯಾರಿಗೂ ಎಂತದೂ ಆತಿಲ್ಲೆ."

"ನೀ ಓದಿದವ್ಳ್, ನಿಂಗ್ ನಂಬಿಕೆ ಇಲ್ಲೆ," ಅಂದರು ಅಪ್ಪಯ್ಯ, ನನ್ನನ್ನು ಸಮಾಧಾನ ಮಾಡುವವರ ಹಾಗೆ. "ನಂಗ್ ಇತ್ತಲ್ದಾ?"

ಹೆನ್ರಿಗಾದರೆ ಮೂರು ದಿನ ನಿಂತ ಮೇಲೆ ಬಾಗಿಲು ತೆರೆಯಿತು. ಇವರಿಗೆ ತೆರೆಯುವುದಿಲ್ಲ, ನಾನು ಇರುವವರೆಗೂ ತೆರೆಯುವುದಿಲ್ಲ. ಗದ್ದೆಯಾಚೆಯ ಮೈಕಿನಲ್ಲಿ ಯಾರೋ, ಊರ ಹತ್ತು ಸಮಸ್ತರೂ ಊಟಕ್ಕೆ ಬರಬೇಕು ಅಂತ ಕೂಗಿ ಹೇಳುತ್ತಿದ್ದರು. ಇಬ್ಬರೂ ಕೇಳಿಸಿಕೊಂಡೆವು. ನನಗೆ ಅಳು ತಡೆಯಲಾಗಲಿಲ್ಲ.

ಒಳಗೆ ಹೋಗಿ ಒಂದು ಬಟ್ಟಲು ಗಂಜಿ ಬಡಿಸಿಕೊಂಡು ಬಂದೆ. ಜಗಲಿ ಈ ತುದಿಯಿಂದ ಆ ತುದಿಯವರೆಗೆ ಖಾಲಿಯೇ ಇತ್ತು. ಆದರೂ ಅಪ್ಪಯ್ಯ ಬಟ್ಟಲೆತ್ತಿಕೊಂಡು, ನನಗೆ ಕೂರಲು ಜಾಗ ಆಗಲಿ ಅಂತ ಸ್ವಲ್ಪ ಸರಿದರು.